ನೋವಿಲ್ಲ, ಕೆಂಪಿಲ್ಲ, ಆದರೂ ಕಣ್ಣು ತೋರಿಸಿ: ಹೆಚ್.ಐ.ವಿ. ಸೋಂಕಿತರ ಕಣ್ಣಿನ ಆರೈಕೆ



ಕಣ್ಣಿನ ತೊಂದರೆ ಎಂದರೆ ಕಣ್ಣು ಕೆಂಪಾಗುವುದು, ನೀರು ಸುರಿಯುವುದು, ಗೀಜು ಕಟ್ಟುವುದು, ಚುಚ್ಚುವುದು ಎಂದು ನಾವು ತಿಳಿದಿರುತ್ತೇವೆ. ಇವು ಯಾವುದೂ ಇಲ್ಲದಿದ್ದರೆ ಕಣ್ಣು ಚೆನ್ನಾಗಿದೆ ಎಂದೇ ಲೆಕ್ಕ. ಹೆಚ್.ಐ.ವಿ. ಸೋಂಕು ಇರುವವರ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಅವರ ದೃಷ್ಟಿಯನ್ನೇ ಕಸಿದುಕೊಳ್ಳುವ ಮುಖ್ಯ ಕಾಯಿಲೆಯಲ್ಲಿ ಹೊರಗೆ ಏನೂ ಕಾಣುವುದಿಲ್ಲ, ನೋಯುವುದೂ ಇಲ್ಲ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ದಿನವೂ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರು. ದೃಷ್ಟಿ ನಿಲ್ಲಿಸಿ ನೋಡುವಾಗ ನೊಣ ಹಾರಿದಂತೆ ಕಪ್ಪು ಚುಕ್ಕೆಗಳು ಕಾಣತೊಡಗಿದವು. ವಿಭೂತಿ ಕಣ್ಣಿಗೆ ಬಿದ್ದಿರಬೇಕೆಂದು ತೊಳೆದುಕೊಂಡರು. ಕೆಲವು ದಿನ ಕಳೆದ ಮೇಲೆ, ಬಲಗಣ್ಣು ಮುಚ್ಚಿದರೆ ಅಂಗೈಯ ಒಂದು ಪಕ್ಕ ಕಾಣದಂತಾಯಿತು. ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಬದಲಾಯಿಸಿಕೊಂಡರು. ಹೆಚ್.ಐ.ವಿ. ಇರುವುದನ್ನು ಅಲ್ಲಿ ಹೇಳಲಿಲ್ಲ, ಆಮೇಲೆ ಕಣ್ಣಿನ ಡಾಕ್ಟರಿಗೂ ಹೇಳಲಿಲ್ಲ. ಮಾತ್ರೆ ಬಿಟ್ಟು ತಿಂಗಳುಗಳೇ ಆಗಿದ್ದವು, ಅದನ್ನೂ ಹೇಳಲಿಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ಎಡಗಣ್ಣು ಹೋಗಿತ್ತು. ಬಲಗಣ್ಣು ಉಳಿಯಿತು.

ಅವರಿಗೆ ಆಗಿದ್ದು ಸಿ.ಎಂ.ವಿ. ರೆಟಿನೈಟಿಸ್. ಸಿ.ಎಂ.ವಿ. ಎಂಬ ವೈರಾಣು ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಚಿಕ್ಕಂದಿನಿಂದಲೇ ಸುಮ್ಮನೆ ಮಲಗಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಗಟ್ಟಿಯಾಗಿರುವವರೆಗೆ ಅದು ಏಳುವುದಿಲ್ಲ. ಆ ಶಕ್ತಿಯನ್ನು ಅಳೆಯುವುದು ಸಿ.ಡಿ.4 ರಕ್ತಪರೀಕ್ಷೆಯಿಂದ. ಆರೋಗ್ಯವಂತರಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತದೆ. ಅದು 50ಕ್ಕಿಂತ ಕೆಳಗೆ ಇಳಿದಾಗ ವೈರಾಣು ಎದ್ದು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ಕ್ಯಾಮರಾಕ್ಕೆ ಫಿಲ್ಮ್ ಇದ್ದಂತೆ ಕಣ್ಣಿಗೆ ಅಕ್ಷಿಪಟಲ. ಅಲ್ಲಿ ನೋವು ತಿಳಿಸುವ ನರಗಳಿಲ್ಲ, ಆದ್ದರಿಂದ ಅದು ಸುಟ್ಟರೂ ನಮಗೆ ಗೊತ್ತಾಗುವುದಿಲ್ಲ. ಹಾಳಾದ ಜಾಗ ಮತ್ತೆ ಬರುವುದಿಲ್ಲ. ಔಷಧ ಮಾಡುವುದು ಉಳಿದದ್ದನ್ನು ಕಾಯುವ ಕೆಲಸ ಮಾತ್ರ. ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಮಾತ್ರೆ, ಅಥವಾ ಕಣ್ಣಿನೊಳಗೇ ಕೊಡುವ ಇಂಜೆಕ್ಷನ್. ಕಣ್ಣಿಗೆ ಇಂಜೆಕ್ಷನ್ ಎಂದರೆ ಎಲ್ಲರಿಗೂ ಭಯ. ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ, ಕ್ಷಣದಲ್ಲಿ ಮುಗಿಯುತ್ತದೆ.

ಆದ್ದರಿಂದ ಸಿ.ಡಿ.4 50ಕ್ಕಿಂತ ಕಡಿಮೆ ಇರುವವರು, ಕಣ್ಣು ಎಷ್ಟೇ ಚೆನ್ನಾಗಿ ಕಾಣುತ್ತಿರಲಿ, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸಲೇಬೇಕು. ಸಂಖ್ಯೆ ಮೇಲೇರುವವರೆಗೆ ಸುಮಾರು ಮೂರು ತಿಂಗಳಿಗೊಮ್ಮೆ. ಬರೀ ಟಾರ್ಚ್ ಬಿಟ್ಟು ನೋಡಿದರೆ ಹಿಂಭಾಗ ಪೂರ್ತಿ ಕಾಣುವುದಿಲ್ಲ.

ಮನೆಯಲ್ಲಿ ದಿನವೂ ಮಾಡಬಹುದಾದ ಪರೀಕ್ಷೆ ಒಂದಿದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರನ್ನು ನೋಡಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನು ಮುಚ್ಚಿಹಾಕುತ್ತದೆ. ಹೊಸದಾಗಿ ಚುಕ್ಕೆಗಳು ತೇಲಿದರೆ, ಮಿಂಚು ಹೊಳೆದಂತಾದರೆ, ಪಕ್ಕದಿಂದ ಪರದೆ ಎಳೆದಂತೆ ನೆರಳು ಬಂದರೆ ಅದೇ ದಿನ ಬನ್ನಿ. ಭಾನುವಾರ ಕಳೆಯಲಿ ಎನ್ನಬೇಡಿ.

ಮಾತ್ರೆ ಶುರು ಮಾಡಿದ ಮೇಲೂ ಒಂದು ಎಚ್ಚರ ಬೇಕು. ಎ.ಆರ್.ಟಿ. ತೆಗೆದುಕೊಂಡು ಶಕ್ತಿ ಮರಳುವಾಗ, ಮೊದಲೇ ಸಿ.ಎಂ.ವಿ. ತಗುಲಿದ್ದ ಕಣ್ಣಿನಲ್ಲಿ ಉರಿಯೂತ ಬಂದು ದೃಷ್ಟಿ ಮಂಜಾಗಬಹುದು. ಕೆಲವರು "ಮಾತ್ರೆ ಕಣ್ಣಿಗೆ ಹೊಡೀತು ಸಿಸ್ಟರ್" ಎಂದು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಆ ಉರಿಯೂತಕ್ಕೆ ಬೇರೆ ಔಷಧವಿದೆ.

ಉಳಿದ ತೊಂದರೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಹಣೆ, ರೆಪ್ಪೆ, ಮೂಗಿನ ತುದಿಯ ಮೇಲೆ ಸರ್ಪಸುತ್ತು ಎದ್ದರೆ ಕಣ್ಣಿಗೂ ಅಪಾಯ. ಮಂತ್ರ ಹಾಕಿಸಿ ಕೆಮ್ಮಣ್ಣು ಹಚ್ಚಿ ಕಾಯುವವರು ಇನ್ನೂ ಇದ್ದಾರೆ. ಪ್ರಾರ್ಥನೆ ಬೇಡವೆನ್ನುವುದಿಲ್ಲ, ಆದರೆ ಮಾತ್ರೆ 3 ದಿನದೊಳಗೆ ಶುರುವಾದರೆ ಹೆಚ್ಚು ಫಲ. ಕ್ಷಯಕ್ಕೆ ಇತ್ಯಾಂಬುಟಾಲ್ ತೆಗೆದುಕೊಳ್ಳುತ್ತಿರುವವರಿಗೆ ಕೆಂಪು, ಹಸಿರು ಬಣ್ಣ ಮಾಸಿದಂತೆ ಕಂಡರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಕಣ್ಣಿನ ಬಿಳಿಭಾಗದಲ್ಲಿ ಗಡ್ಡೆಯಂತೆ ಬೆಳೆದರೆ ಪೊರೆ ಎಂದು ಬಿಡಬೇಡಿ, ಕ್ಯಾನ್ಸರ್ ಆಗಿರಬಹುದು. ಜೋರು ತಲೆನೋವಿನ ಜೊತೆ ಒಂದು ವಸ್ತು ಎರಡಾಗಿ ಕಂಡರೆ ಮಿದುಳಿನ ಪೊರೆಯ ಸೋಂಕಿರಬಹುದು, ರಾತ್ರಿಯಾದರೂ ಹೊರಡಿ. ಮೆಡಿಕಲ್ ಶಾಪಿನ ಹನಿ, ಎದೆಹಾಲು, ಜೇನು, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ.

ಹೇಳಿಕೊಳ್ಳುವ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಹೆಚ್.ಐ.ವಿ. ಇದೆ ಎಂದು ಗೊತ್ತಿಲ್ಲದಿದ್ದರೆ ಕಣ್ಣಿನ ಡಾಕ್ಟರ್ ಕನ್ನಡಕದ ನಂಬರ್ ಹುಡುಕುತ್ತಾರೆ, ಸಿ.ಎಂ.ವಿ. ಹುಡುಕುವುದಿಲ್ಲ. 2017ರ ಹೆಚ್.ಐ.ವಿ. ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ನಿಮ್ಮ ಗುಟ್ಟನ್ನು ಹೊರಗಿನವರಿಗೆ ಹೇಳುವಂತಿಲ್ಲ. ಬಾಯಲ್ಲಿ ಹೇಳಲಾಗದಿದ್ದರೆ ಎ.ಆರ್.ಟಿ. ಪುಸ್ತಕವನ್ನು ಡಾಕ್ಟರ ಕೈಗೆ ಕೊಡಿ, ಸಾಕು. ಜೊತೆಗಿರುವ ಬಂಧುಗಳೇ, ಕಣ್ಣೀರಿನಿಂದಾಗಲಿ ಕನ್ನಡಕದಿಂದಾಗಲಿ ಹೆಚ್.ಐ.ವಿ. ಹರಡುವುದಿಲ್ಲ. ಹನಿ ಹಾಕಲು ಹಿಂಜರಿಯಬೇಡಿ. ಮೊದಲು ಮತ್ತು ಆಮೇಲೆ ಕೈ ತೊಳೆದರಾಯಿತು.

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. 2004ರ ಏಪ್ರಿಲ್ 1ರಂದು ಶುರುವಾಯಿತು. ಮೊದಲು ಸಿ.ಡಿ.4 ಇಳಿಯುವವರೆಗೆ ಕಾಯಬೇಕಿತ್ತು, 2017ರಿಂದ ಸಂಖ್ಯೆ ಎಷ್ಟೇ ಇದ್ದರೂ ಎಲ್ಲರಿಗೂ ಕೊಡುತ್ತಾರೆ. ಸರಿಯಾಗಿ ನುಂಗಿದವರಲ್ಲಿ ಈ ಕಣ್ಣಿನ ಕಾಯಿಲೆ ತೀರಾ ಅಪರೂಪ. ಬೌರಿಂಗ್ ಮತ್ತು ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಎ.ಆರ್.ಟಿ. ಕೇಂದ್ರಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ.

ಕಣ್ಣಿಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಮಿಂಟೋ. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಹತ್ತಿರ. ಯಲಹಂಕ, ಹೆಬ್ಬಾಳದವರು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಇದೇ ಮೆಟ್ರೋ ಹಿಡಿಯಬಹುದು. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ. ಅಂದಿನ ಕೂಲಿ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡು, ಗಾಡಿ ಮನೆಯಲ್ಲೇ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಹಳೆಯ ಸಿ.ಡಿ.4 ಚೀಟಿಯೂ ನುಂಗುತ್ತಿರುವ ಎಲ್ಲ ಮಾತ್ರೆಗಳೂ ಚೀಲದಲ್ಲಿರಲಿ.