ಸೊಟ್ಟಾದ ಮೂಗು ಮತ್ತು ವಿಮೆಯ ಹಣ

ದಿಂಬಂ ಘಾಟಿಯ ತಿರುವಿನಲ್ಲಿ ಬೈಕ್ ಜಾರುತ್ತದೆ, ಮುಖ ಹೋಗಿ ತಡೆಗೋಡೆಗೆ ಬಡಿಯುತ್ತದೆ. ರಕ್ತ ನಿಂತು ಊತ ಇಳಿದ ಮೇಲೆ ಕನ್ನಡಿ ನೋಡಿಕೊಂಡರೆ ಮೂಗು ಎಡಕ್ಕೆ ವಾಲಿದೆ, ಒಂದು ಹೊಳ್ಳೆಯಲ್ಲಿ ಉಸಿರೇ ಆಡುತ್ತಿಲ್ಲ. ಡಾಕ್ಟರು ಆಪರೇಷನ್ ಆಗಬೇಕು ಎನ್ನುತ್ತಾರೆ. ವರ್ಷವರ್ಷ ಪ್ರೀಮಿಯಂ ಕಟ್ಟಿದ ಆರೋಗ್ಯ ಪಾಲಿಸಿ ಬೀರುವಿನಲ್ಲಿದೆ. ಏಜೆಂಟರಿಗೆ ಫೋನ್ ಮಾಡಿದರೆ, “ಮೂಗಿನ ಆಪರೇಷನ್ ಅಂದ್ರೆ ಬ್ಯೂಟಿ ಸರ್ಜರಿ, ಅದಕ್ಕೆಲ್ಲ ಬರಲ್ಲ” ಎಂಬ ಉತ್ತರ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟದ ಊರುಗಳಲ್ಲಿ ಬಹಳಷ್ಟು ಮಂದಿ ಇಷ್ಟಕ್ಕೇ ಫೋನ್ ಇಟ್ಟುಬಿಡುತ್ತಾರೆ. ಇಡಬಾರದು. ಆ ಉತ್ತರ ಕಾನೂನಿನ ಪ್ರಕಾರ ತಪ್ಪು.

ಯಾವ ಖರ್ಚನ್ನು ಕೊಡುವುದಿಲ್ಲ ಎಂಬ ಷರತ್ತುಗಳನ್ನು ಒಂದೊಂದು ಕಂಪನಿ ಒಂದೊಂದು ರೀತಿ ಬರೆದು ಜನರನ್ನು ಗೋಳಾಡಿಸುತ್ತಿದ್ದ ಕಾಲವೊಂದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2019ರ ಸೆಪ್ಟೆಂಬರಿನಲ್ಲಿ ಇದಕ್ಕೆ ಮೂಗುದಾರ ಹಾಕಿತು. ಮುಖ್ಯ ಷರತ್ತುಗಳಿಗೆಲ್ಲ ಒಂದೇ ಒಕ್ಕಣೆ, ಒಂದೇ ಸಂಕೇತ ಸಂಖ್ಯೆ. ನಿಮ್ಮ ಪಾಲಿಸಿ ಪುಸ್ತಕದಲ್ಲಿ 08 ಎಂಬ ಸಂಕೇತದ ಷರತ್ತನ್ನು ಹುಡುಕಿ. ರೂಪ ಬದಲಿಸುವ ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎಂದು ಅದು ಶುರುವಾಗುತ್ತದೆ. ಏಜೆಂಟರು ಅಲ್ಲಿಗೇ ಓದು ನಿಲ್ಲಿಸಿರುತ್ತಾರೆ. ಮುಂದಿನ ಮಾತಿನಲ್ಲಿ ಎರಡು ವಿನಾಯಿತಿಗಳಿವೆ. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರ ಅಂಗವನ್ನು ಮತ್ತೆ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ನಿವಾರಿಸುವ ಅಗತ್ಯ ಚಿಕಿತ್ಸೆಯಾದರೂ ಅನ್ವಯಿಸುವುದಿಲ್ಲ; ಆ ಅಗತ್ಯವನ್ನು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಬೇಕು.

ಇವೆರಡರ ನಡುವೆ ಇರುವುದು ‘ಅಥವಾ’, ‘ಮತ್ತು’ ಅಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಉಸಿರಾಟಕ್ಕೆ ತೊಂದರೆಯಿದ್ದರೆ ಮಾತ್ರ ಕೊಡುತ್ತೇವೆ, ಮೂಗಿನ ಒಳಗೋಡೆ ಸರಿಪಡಿಸುವ ಸೆಪ್ಟೋಪ್ಲಾಸ್ಟಿಯ ಬಿಲ್ಲು ಮಾತ್ರ ನಮ್ಮದು, ಹೊರಗಿನ ಮೂಳೆ ನೆಟ್ಟಗೆ ಮಾಡುವ ರೈನೋಪ್ಲಾಸ್ಟಿಯದು ನಿಮ್ಮದು ಎಂದು ಕಂಪನಿಗಳು ಬಿಲ್ಲನ್ನು ಸೀಳುತ್ತವೆ. ಅಪಘಾತದಿಂದಲೇ ಸೊಟ್ಟಾದ ಮೂಗಾದರೆ ಈ ಸೀಳುವಿಕೆಗೆ ಷರತ್ತಿನ ಒಕ್ಕಣೆಯಲ್ಲಿ ಆಧಾರವಿಲ್ಲ ಎಂಬುದು ನನ್ನ ವಾದ. ಮೊದಲ ವಿನಾಯಿತಿಗೆ ಉಸಿರಾಟದ ತೊಂದರೆ ಬೇಕಿಲ್ಲ, ಅಪಘಾತ ಸಾಕು. ಹಾಗೆಂದು ಉಸಿರಿನ ತೊಂದರೆ ಇದ್ದೂ ಬರೆಸದೆ ಬಿಡಬೇಡಿ. ಎರಡೂ ಇದ್ದರೆ ಎರಡನ್ನೂ ಬರೆಸಿ.

ಒಡೆದ ಮೂಗನ್ನು ಕಟ್ಟುವುದು ಶೋಕಿಯಲ್ಲ ಎಂಬುದು ಈ ಸೀಮೆಗೆ ಹೊಸ ವಿಷಯವೂ ಅಲ್ಲ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜರ ಮೈಸೂರು ಸೇನೆ ಸತ್ಯಮಂಗಲದ ಕಡೆ ಇಳಿದು ಮಧುರೆಯ ತಿರುಮಲ ನಾಯಕನ ಮೇಲೆ ಹೋದಾಗ ಶತ್ರುಗಳ ಮೂಗು ಕೊಯ್ದದ್ದನ್ನು ಅಂದಿನ ಜೆಸ್ಯೂಟ್ ಪಾದ್ರಿಗಳು ಬರೆದಿಟ್ಟಿದ್ದಾರೆ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕೊವಾಸ್ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯಲ್ಲಿ ನಾಟಿ ವೈದ್ಯನೊಬ್ಬ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರ ಸಮೇತ ಅಚ್ಚು ಹಾಕಿತು. ಯುರೋಪಿನ ಡಾಕ್ಟರುಗಳು ಆ ವಿದ್ಯೆ ಕಲಿತದ್ದು ಆಮೇಲೆ.

ಅಪಘಾತವೆಂದರೆ ರಸ್ತೆಯದೇ ಆಗಬೇಕಿಲ್ಲ. ಹಠಾತ್ತಾಗಿ, ಊಹಿಸದೆ, ತಾನು ಬಯಸದೆ, ಹೊರಗಿನಿಂದ ಕಣ್ಣಿಗೆ ಕಾಣುವ ಹೊಡೆತದಿಂದ ಆದದ್ದು ಎಂಬುದು ಪಾಲಿಸಿಗಳಲ್ಲಿರುವ ವ್ಯಾಖ್ಯೆ. ಹಾಲು ಕರೆಯುವಾಗ ಹಸು ತಲೆ ಕೊಡವಿ ಮುಖಕ್ಕೆ ಬಡಿಯಿತು, ಮರದಿಂದ ಬಿದ್ದರು, ಹೊಲದಲ್ಲಿ ಕಾಡುಹಂದಿ ಕೆಡವಿತು: ಎಲ್ಲವೂ ಅಪಘಾತವೇ. ಬೇರೆಯವರು ಹೊಡೆದು ಮೂಗು ಮುರಿದಿದ್ದರೆ ಪೆಟ್ಟು ತಿಂದವರ ಮಟ್ಟಿಗೆ ಅದೂ ಅಪಘಾತ. ಜಗಳವನ್ನು ನೀವೇ ತೆಗೆದಿದ್ದರೆ ಮಾತು ಬೇರೆ. ಅಪರಾಧದ ಉದ್ದೇಶದಿಂದ ಕಾನೂನು ಮುರಿದವರಿಗೆ ಹಣವಿಲ್ಲ ಎಂಬ ಷರತ್ತು ಅಡ್ಡ ಬರುತ್ತದೆ.

ಹಾಗಾದರೆ ಕ್ಲೇಮು ಬೀಳುವುದು ಎಲ್ಲಿ? ಹೆಚ್ಚಾಗಿ ಮೊದಲ ದಿನದ ಚೀಟಿಯಲ್ಲಿ. ತಾಳವಾಡಿಯವರ ವಿಶೇಷ ತಾಪತ್ರಯ ಇಲ್ಲೇ ಇದೆ. ಈರೋಡು ನಮ್ಮ ಜಿಲ್ಲಾ ಕೇಂದ್ರ, ನೂರು ಕಿಲೋಮೀಟರಿಗೂ ಆಚೆ. ಸತ್ಯಮಂಗಲಕ್ಕಾದರೂ ಘಾಟಿಯ 27 ಕಡಿದಾದ ತಿರುವು ಇಳಿಯಬೇಕು. ಚಾಮರಾಜನಗರ ಹತ್ತಿರ, ಭಾಷೆಯೂ ನಮ್ಮದು. ಹಾಗಾಗಿ ತಾಳವಾಡಿ ಆಸ್ಪತ್ರೆಯಲ್ಲಿ ಹತ್ತಿ ತುರುಕಿಸಿಕೊಂಡು ನೇರ ಚಾಮರಾಜನಗರಕ್ಕೋ ಮೈಸೂರಿಗೋ ಹೋಗುವುದು ರೂಢಿ. ಹೋಗಿ, ತಪ್ಪಿಲ್ಲ. ಆದರೆ ಹೊರಡುವ ಮುಂಚೆ ತಾಳವಾಡಿಯಲ್ಲಿ ಹೆಸರು ದಾಖಲಾಗಲಿ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯಾಳು ಬಂದರೆ ಆಕ್ಸಿಡೆಂಟ್ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಅದರ ಪ್ರತಿಯೇ ಎಲ್ಲರೂ ಹೇಳುವ ‘ಎ.ಆರ್. ಕಾಪಿ’. ಡ್ಯೂಟಿ ಡಾಕ್ಟರು ಎಲ್ಲಿ, ಯಾವಾಗ, ಹೇಗೆ ಪೆಟ್ಟಾಯಿತು ಎಂದು ಕೇಳುತ್ತಾರೆ, ಗುರುತಿಗೆಂದು ಮೈಮೇಲಿನ ಮಚ್ಚೆಗಳನ್ನು ಬರೆದುಕೊಳ್ಳುತ್ತಾರೆ, ಗಾಯಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾರೆ. ಮೊಣಕಾಲು ತರಚಿದ್ದು ಹೇಳಿ ಮೂಗಿನ ಮಾತು ಬಿಟ್ಟರೆ, ನಾಲ್ಕು ತಿಂಗಳ ಮೇಲೆ ಕಂಪನಿ ಕೇಳುವ ಮೊದಲ ಪ್ರಶ್ನೆ “ಮೂಗಿಗೆ ಪೆಟ್ಟಾಗಿದ್ದಕ್ಕೆ ದಾಖಲೆ ಎಲ್ಲಿ?” ಎಂಬುದೇ. ಮೂಗಿನ ಮೂಳೆ ಮುರಿದಿರುವ ಶಂಕೆ, ಮೂಗಿನಿಂದ ರಕ್ತ ಎಂಬ ಎರಡು ಮಾತು ಆ ಹಾಳೆಯಲ್ಲಿರಲಿ.

ಗಡಿ ದಾಟಿ ಕರ್ನಾಟಕದ ಆಸ್ಪತ್ರೆಗೆ ಸೇರಿದರೆ ಅಲ್ಲಿ ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸು, ಮಾಡುತ್ತಾರೆ, ಕೊನೆಗೆ ಸಿಗುವುದು ವೂಂಡ್ ಸರ್ಟಿಫಿಕೇಟ್. ಎರಡೂ ಕಾಗದಗಳಲ್ಲಿ ದಿನಾಂಕ, ಜಾಗ, ಪೆಟ್ಟಾದ ಬಗೆ ಹೊಂದಬೇಕು. ಒಂದರಲ್ಲಿ ಬೈಕಿನಿಂದ ಬಿದ್ದದ್ದು, ಇನ್ನೊಂದರಲ್ಲಿ ಬಚ್ಚಲಲ್ಲಿ ಜಾರಿದ್ದು ಎಂದಾದರೆ ಕ್ಲೇಮು ಅಲ್ಲಿಗೆ ಮುಗಿಯಿತು. ಪೊಲೀಸರ ಕೇಸು ಬೇಡವೆಂದು ಸುಳ್ಳು ಹೇಳುವವರು ಈ ಗುಂಡಿಗೇ ಬೀಳುವುದು. ಪೊಲೀಸು ವಿಚಾರಕ್ಕೂ ಗಡಿ ಅಡ್ಡಿಯಲ್ಲ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ತಮಿಳುನಾಡಿನ ಠಾಣೆಗಳಲ್ಲಿ ಎಫ್‌ಐಆರ್ ಬದಲು ದೂರು ಬಂದದ್ದಕ್ಕೆ ಸಿ.ಎಸ್.ಆರ್. ಎಂಬ ರಸೀದಿ ಕೊಟ್ಟು ಕಳಿಸುವುದುಂಟು, ಅದನ್ನೂ ಜೋಪಾನ ಮಾಡಿ. ಯಾರಾದರೂ ಹೊಡೆದು ಮೂಗಿನ ಮೂಳೆ ಮುರಿದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಲ್ಲಿ ಘೋರ ಗಾಯ. ಅಲ್ಲಿ ಎಫ್‌ಐಆರೇ ಆಗಬೇಕು.

ಇನ್ನು ವೈದ್ಯದ ಗಡಿಯಾರ. ಮುರಿದ ಮೂಗನ್ನು ಕೊಯ್ಯದೆ ಕೂರಿಸುವುದಕ್ಕೆ ದೊಡ್ಡವರಲ್ಲಿ ಸುಮಾರು ಎರಡು ವಾರ ಅವಕಾಶ, ಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಅದು ದಾಟಿದರೆ ಮೂಳೆ ಸೊಟ್ಟಗೇ ಕೂಡಿಕೊಳ್ಳುತ್ತದೆ, ಆಮೇಲೆ ಕೆಲವು ತಿಂಗಳು ಕಾದು ದೊಡ್ಡ ಆಪರೇಷನ್ನೇ ಮಾಡಬೇಕು. ಮೂಗಿನೊಳಗಿನ ಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿ ಉಬ್ಬಿದ್ದರೆ, ಅಥವಾ ಮೂಗಿನಿಂದ ತಿಳಿನೀರು ಸೋರುತ್ತಿದ್ದರೆ, ಒಂದು ದಿನವೂ ಕಾಯಬಾರದು. ರಾತ್ರಿ ಸಂಚಾರ ನಿರ್ಬಂಧವಿರುವ ದಿಂಬಂ ದಾರಿಯಲ್ಲೂ ಆಂಬುಲೆನ್ಸಿಗೆ ತಡೆಯಿಲ್ಲ.

ಆ ತಿಂಗಳುಗಳ ಕಾಯುವಿಕೆಯೇ ವಿಮೆಯ ಎರಡನೆಯ ಜಗಳಕ್ಕೆ ಕಾರಣ. ಹುಟ್ಟಿನಿಂದಲೇ ಮೂಗಿನ ಒಳಗೋಡೆ ಅಷ್ಟಿಷ್ಟು ವಾಲಿರುವವರು ಬಹಳ ಮಂದಿ. ಅದಕ್ಕೇ ಎಷ್ಟೋ ಪಾಲಿಸಿಗಳು ಒಳಗೋಡೆಯ ಆಪರೇಷನ್ನಿಗೆ ಎರಡು ವರ್ಷದ ಕಾಯುವ ಅವಧಿ ಹಾಕಿರುತ್ತವೆ. ಪಾಲಿಸಿ ಹೊಸದಾದರೆ “ಇದು ಹಳೆಯ ಬಾಧೆ, ಅವಧಿ ಮುಗಿದಿಲ್ಲ” ಎಂಬ ಪತ್ರ ಬರುತ್ತದೆ. ಆದರೆ ಅಪಘಾತದಿಂದ ಬಂದ ಕ್ಲೇಮಿಗೆ ಈ ಕಾಯುವ ಅವಧಿ ಅನ್ವಯಿಸುವುದಿಲ್ಲವೆಂದು 02ನೆಯ ಸಂಕೇತದ ಷರತ್ತಿನಲ್ಲೇ ಇದೆ. ಮೊದಲ ಮೂವತ್ತು ದಿನದ 03ನೆಯ ಷರತ್ತಿಗೂ ಇದೇ ವಿನಾಯಿತಿ. ನೀವು ತೋರಿಸಬೇಕಾದ್ದು ಮೊದಲು ಮೂಗು ನೆಟ್ಟಗಿತ್ತು ಎಂಬುದನ್ನು. ಮದುವೆ ಆಲ್ಬಮ್, ಡ್ರೈವಿಂಗ್ ಲೈಸೆನ್ಸಿನ ಫೋಟೋ ಇಲ್ಲಿ ಸಾಕ್ಷಿಗೆ ಬರುತ್ತವೆ. ಪೆಟ್ಟಾದ ವಾರದಲ್ಲಿ ಎದುರಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆಸಿಡಿ. ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ಮುರಿತದ ಗೆರೆ ಕಂಡರೆ ವಾದಕ್ಕೆ ಇನ್ನೇನೂ ಉಳಿಯುವುದಿಲ್ಲ.

ಗಾಯಕ್ಕೂ ಆಪರೇಷನ್ನಿಗೂ ನಡುವೆ ನವೀಕರಣದ ದಿನ ಬಂದರೆ ತಪ್ಪದೆ ಕಟ್ಟಿ. ಪ್ರೀಮಿಯಂ ಏರಿತೆಂದು ಹಳೆಯ ಪಾಲಿಸಿ ಬಿಟ್ಟು ಹೊಸದು ಮಾಡಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ: ಹೊಸ ಪಾಲಿಸಿಗೆ ನಿಮ್ಮ ಮುರಿದ ಮೂಗು ‘ಮೊದಲೇ ಇದ್ದ ಕಾಯಿಲೆ’ಯಾಗಿಬಿಡುತ್ತದೆ, ಅದಕ್ಕೆ ಮೂರು ವರ್ಷದವರೆಗೂ ಕಾಯಿಸಬಹುದು.

ಕೈಯಲ್ಲಿರುವುದು ಯಾವ ವಿಮೆ ಎಂಬುದನ್ನೂ ನೋಡಿಕೊಳ್ಳಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಬೈಕಿನ ವಿಮೆಯೊಳಗಿನ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ, ಇವೆರಡೂ ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಆಸ್ಪತ್ರೆ ಬಿಲ್ಲಿಗೆ ಒಂದು ಕಾಸೂ ಇಲ್ಲ. ವರ್ಷದ ಆದಾಯ 1,20,000 ರೂಪಾಯಿಯೊಳಗಿದ್ದು ತಮಿಳುನಾಡಿನ ರೇಷನ್ ಕಾರ್ಡ್ ಇರುವ ಕುಟುಂಬಕ್ಕೆ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯುಂಟು. ಗ್ರಾಮ ಆಡಳಿತಾಧಿಕಾರಿ (ವಿ.ಎ.ಓ.) ಕೊಡುವ ಆದಾಯ ಪತ್ರ ಬೇಕು, ಸಹಾಯವಾಣಿ 1800 425 3993. 2021ರ ಡಿಸೆಂಬರಿನಲ್ಲಿ ಶುರುವಾದ ‘ನಮ್ಮೈ ಕಾಕ್ಕುಂ 48’ ಯೋಜನೆ ರಸ್ತೆ ಅಪಘಾತವಾದ ಮೊದಲ 48 ಗಂಟೆಗೆ, ಅದೂ ತಮಿಳುನಾಡಿನ ಗಡಿಯೊಳಗೆ. 2025ರ ಮೇ ತಿಂಗಳ ಕೇಂದ್ರ ಯೋಜನೆ ದೇಶದ ಯಾವ ರಸ್ತೆಯ ಅಪಘಾತಕ್ಕಾದರೂ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ಕೊಡುತ್ತದೆ. ಊತ ಇಳಿಯುವುದಕ್ಕೇ ಹಲವು ದಿನ ಬೇಕಾದ ಮೂಗಿಗೆ ಈ ಎರಡು ಯೋಜನೆಗಳು ಮೊದಲ ಆರೈಕೆಗೆ ಆದಾವು, ನೆಟ್ಟಗೆ ಮಾಡಿಸುವುದಕ್ಕೆ ಸಾಲುವುದು ಕಷ್ಟ.

ಖಾಸಗಿ ಪಾಲಿಸಿಯ ಕ್ಲೇಮು ತಿರಸ್ಕಾರವಾದರೆ ಫೋನಿನ ಮಾತನ್ನು ಲೆಕ್ಕಕ್ಕಿಡಬೇಡಿ, ಕಾರಣ ಬರೆದ ಪತ್ರ ಕೇಳಿ. 2024ರ ಮೇ 29ರ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆಯಂತೆ ಕಂಪನಿಯ ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಳ್ಳಿಹಾಕುವಂತಿಲ್ಲ. ತಿರಸ್ಕಾರ ಪತ್ರದಲ್ಲಿ ಬರೆಯದ ಕಾರಣವನ್ನು ಕಂಪನಿ ಆಮೇಲೆ ಕೋರ್ಟಿನಲ್ಲಿ ಎತ್ತುವಂತಿಲ್ಲ ಎಂದು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆ ಒಂದು ಹಾಳೆ ನಿಮಗೇ ಆಯುಧ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಗಾದೆ ನೋಡುತ್ತಾರೆ, ವಿಡಿಯೋ ಮೂಲಕ ವಿಚಾರಣೆಗೂ ಅವಕಾಶವಿದೆ, ತೀರ್ಪಿಗೆ ಕಂಪನಿ ಬದ್ಧ.

ಇಲ್ಲಿ ತಾಳವಾಡಿಯವರಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಂಡವರನ್ನು ನಾನು ಕಂಡದ್ದು ಕಡಿಮೆ. ದೂರುದಾರರ ಮನೆ ಇರುವ ಕಡೆಯ ಒಂಬುಡ್ಸ್‌ಮನ್ ಆಗಬಹುದು, ಕಂಪನಿಯ ಸಂಬಂಧಪಟ್ಟ ಶಾಖೆ ಇರುವ ಕಡೆಯವರೂ ಆಗಬಹುದು. ಮನೆಯ ಲೆಕ್ಕದಲ್ಲಿ ಚೆನ್ನೈ. ಪಾಲಿಸಿ ಮಾಡಿಸಿದ್ದು ಚಾಮರಾಜನಗರ ಅಥವಾ ಮೈಸೂರಿನ ಶಾಖೆಯಲ್ಲಾದರೆ ಬೆಂಗಳೂರು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವು. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಈರೋಡಿನಲ್ಲೇ ಹಾಕಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಅವರೇ ಬರಬೇಕು. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮಹಿಳೆಯರಿಗೆ, ಸೋಲಿಗರೂ ಸೇರಿದಂತೆ ಪರಿಶಿಷ್ಟರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಫೋನ್ 15100.

ಭಾಷೆ ಬಾರದು ಎಂದು ಹಿಂಜರಿಯಬೇಕಿಲ್ಲ. 2024ರ ಜನವರಿಯಿಂದ ಪ್ರತಿ ಆರೋಗ್ಯ ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಕೊಡಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು; ಕನ್ನಡದಲ್ಲೇ ಕೇಳಿ ಪಡೆಯಿರಿ. ಸರ್ಕಾರದ ಯಾವ ಅಧಿಕಾರಿಗೂ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಈರೋಡು ಕಲೆಕ್ಟರ್ ಕಚೇರಿಯಲ್ಲಿ ಕನ್ನಡದ ಅರ್ಜಿ ಕೊಟ್ಟರೆ ತೆಗೆದುಕೊಳ್ಳಬೇಕು, ಸ್ವೀಕೃತಿಯ ಮೊಹರನ್ನೂ ಹಾಕಿಸಿಕೊಳ್ಳಿ.

ಮೂಗು ಮುರಿದದ್ದು ಬೇರೆಯವರ ವಾಹನದಿಂದಾದರೆ ಆ ವಾಹನದ ವಿಮೆಯ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪ್ರತ್ಯೇಕವಾಗಿ ಪರಿಹಾರ ಕೇಳಬಹುದು. ಮುಖ ವಿಕಾರಗೊಂಡದ್ದಕ್ಕೂ, ಮುಂದೆ ಆಗಬೇಕಾದ ಆಪರೇಷನ್ನಿನ ಖರ್ಚಿಗೂ ಅಲ್ಲಿ ಅವಕಾಶವಿದೆ. ಅದಕ್ಕೆ ಡಾಕ್ಟರಿಂದ ಅಂದಾಜು ವೆಚ್ಚದ ಪತ್ರ ಬರೆಸಿಟ್ಟುಕೊಳ್ಳಿ. ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಿಬಿಡಿ.