ಬೆಟ್ಟದ ಹಿಮಕ್ಕೆ ಯಾವ ಸ್ಕೀ? ದುಡ್ಡು ಬಿಚ್ಚುವ ಮುನ್ನ 11 ಸೂತ್ರಗಳು

ಅಮೆರಿಕದ ಮೊಂಟಾನಾ, ವಯೋಮಿಂಗ್, ಐಡಹೊ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಡೆ ಚಳಿಗಾಲ ಬಂತೆಂದರೆ ಸ್ನೋಮೊಬೈಲ್‌ಗಳು ಬೆಟ್ಟ ಹತ್ತುತ್ತವೆ. ಬೆಟ್ಟಕ್ಕೆಂದೇ ತಯಾರಾದ ಯಂತ್ರದ ರೀತಿಯೇ ಬೇರೆ. ಹಿಂದೆ 154 ಅಥವಾ 165 ಇಂಚಿನ ಉದ್ದನೆಯ ರಬ್ಬರ್ ಟ್ರ್ಯಾಕ್, ಅದರ ಮೇಲೆ ಎರಡೂವರೆ–ಮೂರು ಇಂಚು ಎತ್ತರದ ಹಲ್ಲುಗಳು, ಮುಂದೆ ಎರಡು ಪ್ಲಾಸ್ಟಿಕ್ ಸ್ಕೀ. ತಳ್ಳುವುದು ಟ್ರ್ಯಾಕ್, ದಿಕ್ಕು ಹಿಡಿಯುವುದು ಸ್ಕೀ. ಯಂತ್ರ ಮನೆಗೆ ಬಂದ ವರ್ಷವೇ ‘ಕಂಪನಿ ಸ್ಕೀ ಬಿಚ್ಚಿ ಹೊರಗಿನದು ಹಾಕಿಸು’ ಎನ್ನುವ ಸಲಹೆಗಾರರು ಸಿಗುತ್ತಾರೆ. ಜೋಡಿಗೆ ನೂರಾರು ಡಾಲರ್ ಬೀಳುವ ಬಾಬತ್ತು ಅದು. ಸಿಯಾಟಲ್, ಡೆನ್ವರ್, ಕ್ಯಾಲ್ಗರಿ ಕಡೆ ನೆಲೆಸಿ ಈ ಹವ್ಯಾಸಕ್ಕೆ ಬಿದ್ದ ಕನ್ನಡಿಗರೂ ಈ ಪ್ರಶ್ನೆಯನ್ನು ಎದುರಿಸಲೇಬೇಕು. ನನ್ನ ನಿಲುವು ಸ್ಪಷ್ಟ: ಒಂದು ನಿರ್ದಿಷ್ಟ ತೊಂದರೆಗೆ ಒಂದು ನಿರ್ದಿಷ್ಟ ಸ್ಕೀ ಕೊಳ್ಳಿ. ತೊಂದರೆ ಏನೆಂದು ಹೇಳಲು ಬಾರದಿದ್ದರೆ ಕೊಳ್ಳಲೇಬೇಡಿ.

1. ದೂರು ಮೊದಲು, ಸ್ಕೀ ಆಮೇಲೆ

‘ಹ್ಯಾಂಡಲ್ ಸರಿಯಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾಗದದ ಮೇಲೆ ಬಿಡಿಸಿ ಬರೆಯಿರಿ. ಗಟ್ಟಿ ದಾರಿಯ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಯಂತ್ರ ನೇರಕ್ಕೆ ಹೋಗುತ್ತದೆಯೇ? ಬೇರೆಯವರು ಓಡಿಸಿದ ಜಾಡು ಸಿಕ್ಕಾಗ, ಗಾಡಿಜಾಡಿಗೆ ಬಿದ್ದ ಚಕ್ರದಂತೆ ಅದರೊಳಕ್ಕೇ ಎಳೆಯುತ್ತದೆಯೇ? ಆಳವಾದ ಪುಡಿಹಿಮದಲ್ಲಿ ಮೂತಿ ಮುಳುಗುತ್ತದೆಯೇ? ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ ಮುಂಭಾಗ ಕಣಿವೆಯ ಕಡೆಗೆ ಜಾರುತ್ತದೆಯೇ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಕೆಡಿಸುವುದೂ ಉಂಟು.

2. ಒಂದು ಚಳಿಗಾಲ ಕಂಪನಿ ಸ್ಕೀಯಲ್ಲೇ ಓಡಿಸಿ

ಸ್ಕೀ-ಡೂ ಯಂತ್ರದ ಪೈಲಟ್ ಡಿಎಸ್, ಪೊಲಾರಿಸ್‌ನ ಗ್ರಿಪ್ಪರ್, ಆರ್ಕ್‌ಟಿಕ್ ಕ್ಯಾಟ್‌ನ 7 ಇಂಚು ಅಗಲದ ಪ್ರೊಕ್ಲೈಂಬ್-7, ಇವೆಲ್ಲ ಬೆಟ್ಟವನ್ನು ಕಣ್ಣಮುಂದೆ ಇಟ್ಟುಕೊಂಡೇ ರೂಪಿಸಿದ ಕಂಪನಿ ಸ್ಕೀಗಳು. ಸ್ಕೀಯನ್ನು ಹಿಡಿದಿರುವ ಕಂಬ, ಅಂದರೆ ಸ್ಪಿಂಡಲ್‌ನ ಓರೆ, ಮುಂದಿನ ಸ್ಪ್ರಿಂಗ್, ಎರಡು ಸ್ಕೀಗಳ ನಡುವಿನ ಅಂತರ, ಎಲ್ಲವನ್ನೂ ಆ ಸ್ಕೀಗೇ ಹೊಂದಿಸಿ ಕಳಿಸಿರುತ್ತಾರೆ. ಬೆಟ್ಟದ ಯಂತ್ರದಲ್ಲಿ ಆ ಅಂತರ 36 ಇಂಚಿನ ಆಸುಪಾಸು, ದಾರಿಯ ಮೇಲೆ ಓಡುವ ಯಂತ್ರದಲ್ಲಿ 42 ಇಂಚಿನ ಆಸುಪಾಸು. ಅಂತರ ಕಿರಿದಾದ್ದರಿಂದಲೇ ಬೆಟ್ಟದ ಯಂತ್ರ ಸುಲಭವಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ಹೊಸ ಸವಾರರು ಈ ವಾಲಿಕೆಯನ್ನು ಸ್ಕೀಯ ದೋಷವೆಂದು ತಿಳಿಯುತ್ತಾರೆ. ಅದು ದೋಷವಲ್ಲ, ಯಂತ್ರದ ಗುಣ. ಮೈಭಾರ ಹಾಕುವುದನ್ನು ಕಲಿತರೆ ಅದೇ ನೆರವಿಗೆ ಬರುತ್ತದೆ.

3. ಸ್ಪ್ಯಾನರ್ ಹಿಡಿಯಿರಿ, ಪರ್ಸ್ ಆಮೇಲೆ ತೆಗೆಯಿರಿ

ಸ್ಕೀ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಬಹಳಷ್ಟು ಜೋಡಣೆಯ ದೂರುಗಳೇ. ಆದ್ದರಿಂದ ಈ ಸೂತ್ರ ಉಳಿದೆಲ್ಲಕ್ಕಿಂತ ಮುಖ್ಯ.

ಮೊದಲು ಸ್ಕೀಗಳ ಮೊಗ ನೋಡಿ. ಹ್ಯಾಂಡಲ್‌ಬಾರ್ ನೇರವಿದ್ದಾಗ ಎರಡು ಸ್ಕೀಗಳೂ ಮುಂದುಗಡೆ ಕೂದಲೆಳೆಯಷ್ಟು ಹೊರಮೊಗವಾಗಿರಬೇಕು. ಸಾಮಾನ್ಯವಾಗಿ ಆ ವ್ಯತ್ಯಾಸ ಕಾಲು ಇಂಚಿನೊಳಗೆ ಇರುತ್ತದೆ, ನಿಮ್ಮ ಮಾಡೆಲ್‌ನ ನಿಖರ ಅಳತೆ ಕೈಪಿಡಿಯಲ್ಲಿದೆ. ಸ್ಕೀಗಳ ತುದಿಗಳಿಗೆ ಎಲಾಸ್ಟಿಕ್ ಹಗ್ಗ ಸುತ್ತಿ ಒಳಕ್ಕೆ ಎಳೆದು, ಕೀಲುಗಳಲ್ಲಿರುವ ಸಡಿಲವನ್ನು ತೆಗೆದ ಮೇಲೆ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಮರದ ಬೇರಿಗೊಮ್ಮೆ ಬಡಿದರೂ ಈ ಅಳತೆ ತಪ್ಪಬಹುದು. ಅಳತೆ ತಪ್ಪಿದ ಯಂತ್ರ ಯಾವ ಸ್ಕೀ ಹಾಕಿದರೂ ಅಲೆದಾಡುತ್ತದೆ.

ಎರಡನೆಯದು, ಸ್ಕೀಯ ಅಡಿಯಲ್ಲಿರುವ ಉಕ್ಕಿನ ಸರಳು, ಅಂದರೆ ವೇರ್ ಬಾರ್. ಹಿಮವಿಲ್ಲದ ಡಾಂಬರು ದಾಟುವಾಗ, ಟ್ರೇಲರ್‌ಗೆ ಹತ್ತಿಸುವಾಗ ಅದು ಸವೆಯುತ್ತದೆ. ದಪ್ಪ ಅರ್ಧಕ್ಕಿಳಿದಿದ್ದರೆ ಬದಲಿಸಿ. ಹೊಸ ಸ್ಕೀಗೆ ಹೋಲಿಸಿದರೆ ಇದು ಚಿಲ್ಲರೆ ಖರ್ಚು.

ಮೂರನೆಯದು ಸ್ಕೀ ಮತ್ತು ಸ್ಪಿಂಡಲ್ ನಡುವಿನ ರಬ್ಬರ್ ಗಟ್ಟಿ. ಅದು ಕುಗ್ಗಿದ್ದರೆ ಸ್ಕೀಯ ಮೂತಿ ಕೆಳಗೆ ಬೀಳುತ್ತದೆ, ಭಾರವೆಲ್ಲ ಮುಂದಕ್ಕೆ ಸರಿದು ಹ್ಯಾಂಡಲ್ ಜಗ್ಗತೊಡಗುತ್ತದೆ. ರಬ್ಬರಿನ ಹಿಂಭಾಗಕ್ಕೆ ತೆಳುವಾದ ಪಟ್ಟಿ ಕೊಟ್ಟು ಭಾರವನ್ನು ತುಸು ಹಿಂದಕ್ಕೆ ಸರಿಸಿದರೆ ಎಷ್ಟೋ ಯಂತ್ರಗಳ ಜಾಡು ಹಿಡಿಯುವ ಚಾಳಿ ಅಲ್ಲಿಗೇ ನಿಲ್ಲುತ್ತದೆ.

ಕೊನೆಯದಾಗಿ ಲಿಮಿಟರ್ ಸ್ಟ್ರ್ಯಾಪ್. ಹಿಂದಿನ ಸಸ್ಪೆನ್ಷನ್ನಿನ ಮುಂಭಾಗ ಎಷ್ಟು ಇಳಿಯಬಹುದು ಎಂದು ತೀರ್ಮಾನಿಸುವ ಪಟ್ಟಿ ಅದು. ಬಿಗಿ ಮಾಡಿದರೆ ಸ್ಕೀಗಳ ಮೇಲೆ ಭಾರ ಹೆಚ್ಚಿ ಯಂತ್ರ ತಿರುವಿನಲ್ಲಿ ಮಾತು ಕೇಳುತ್ತದೆ. ಸಡಿಲಿಸಿದರೆ ಸ್ಕೀ ಹಗುರವಾಗಿ ಮೂತಿ ಮೇಲೇಳುತ್ತದೆ. ಒಂದು ರಂಧ್ರದ ಬದಲಾವಣೆಯೂ ಸವಾರಿಯಲ್ಲಿ ಎದ್ದು ಕಾಣುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು.

4. ಏಣು ಬೇಕೋ, ಅಗಲ ಬೇಕೋ ತೀರ್ಮಾನಿಸಿ

ಸ್ಕೀಯ ಅಡಿಯಲ್ಲಿ ನಡುವೆ ಉದ್ದಕ್ಕೂ ಓಡುವ ಏಣಿಗೆ ಕೀಲ್ ಎನ್ನುತ್ತಾರೆ. ಏಣು ಆಳವಾದಷ್ಟೂ ಗಟ್ಟಿ ಹಿಮದಲ್ಲಿ ಹಿಡಿತ ಹೆಚ್ಚು. ಸ್ಕೀ ಅಗಲವಾದಷ್ಟೂ ಮೆತ್ತನೆಯ ಹಿಮದಲ್ಲಿ ತೇಲುವುದು ಸುಲಭ. ಜಾಹೀರಾತುಗಳು ಎರಡನ್ನೂ ಒಟ್ಟಿಗೆ ಕೊಡುವ ಭರವಸೆ ನೀಡುತ್ತವೆ. ವಾಸ್ತವದಲ್ಲಿ ಪ್ರತಿ ಸ್ಕೀಯೂ ಎಲ್ಲೋ ಒಂದು ಕಡೆ ಬಿಟ್ಟುಕೊಟ್ಟಿರುತ್ತದೆ.

ಬೆಟ್ಟದ ಸವಾರಿಯ ನಿಜವಾದ ಪರೀಕ್ಷೆ ಇಳಿಜಾರಿಗೆ ಅಡ್ಡಲಾಗಿ ಸಾಗುವುದು, ಸವಾರರ ಮಾತಿನಲ್ಲಿ ಸೈಡ್‌ಹಿಲ್ಲಿಂಗ್. ಯಂತ್ರವನ್ನು ಬೆಟ್ಟದ ಕಡೆಗೆ ವಾಲಿಸಿದಾಗ ಮೇಲುಗಡೆಯ ಸ್ಕೀ ಮತ್ತು ಟ್ರ್ಯಾಕಿನ ಅಂಚು ಹಿಮವನ್ನು ಕೊರೆದು ಹಿಡಿಯುತ್ತವೆ, ಕೆಳಗಿನ ಸ್ಕೀ ಬಹುಪಾಲು ಗಾಳಿಯಲ್ಲಿರುತ್ತದೆ. ಅಂದರೆ ಇಡೀ ಯಂತ್ರದ ದಿಕ್ಕು ಒಂದೇ ಸ್ಕೀಯ ಏಣು ಮತ್ತು ಅಂಚಿನ ಮೇಲೆ ನಿಂತಿದೆ. ಅಲ್ಲಿ ಅಡಿ ಚಪ್ಪಟೆಯಾದ ಅಗಲ ಸ್ಕೀ ಗಟ್ಟಿಪದರದ ಮೇಲೆ ಜಾರುತ್ತದೆ. ಚೂಪಾದ ಏಣು, ಅಂಚಿನಲ್ಲಿ ಎದ್ದ ಗೆರೆ ಇರುವ ಸ್ಕೀ ಕಚ್ಚಿ ನಿಲ್ಲುತ್ತದೆ.

ಅಗಲಕ್ಕೆ ಇನ್ನೂ ಎರಡು ಬೆಲೆ ತೆರಬೇಕು. ಹಿಮವನ್ನು ಹೆಚ್ಚು ತಳ್ಳಬೇಕಾದ್ದರಿಂದ ಹ್ಯಾಂಡಲ್ ಭಾರವಾಗಿ ಸಂಜೆಯ ಹೊತ್ತಿಗೆ ಮುಂಗೈ ಸೋಲುತ್ತದೆ. ಮರಗಳ ನಡುವೆ ನುಗ್ಗುವಾಗ ಪೊದೆ, ಕೊಂಬೆ ಸಿಕ್ಕಿಹಾಕಿಕೊಳ್ಳುತ್ತವೆ. ಮರಗಳ ನಡುವೆ ಓಡಿಸುವುದೇ ನಿಮ್ಮ ಇಷ್ಟವಾದರೆ ಅಗಲಕ್ಕೆ ಆಸೆಪಡಬೇಡಿ. ಮೈತೂಕ ಹೆಚ್ಚಿರುವವರು, ಮೊಣಕಾಲು ಮುಳುಗುವ ಪುಡಿಹಿಮದಲ್ಲಿ ನಿಧಾನವಾಗಿ ಓಡಿಸುವವರು ಅಗಲದ ಕಡೆ ವಾಲಬಹುದು.

5. ನಿಮ್ಮ ಹಿಮ ಯಾವುದು?

ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಗಳಿಗೆ ಪೆಸಿಫಿಕ್ ಸಾಗರದ ತೇವ ನೇರವಾಗಿ ಬಡಿಯುತ್ತದೆ, ಅಲ್ಲಿನ ಹಿಮ ಒದ್ದೆ, ಭಾರ. ಕೊಲರಾಡೊ, ಯೂಟಾ ಒಳನಾಡಿನವು, ಅಲ್ಲಿ ಒಣಪುಡಿ. ಭಾರದ ಹಿಮ ಸ್ಕೀಯನ್ನು ತಾನೇ ಹೊತ್ತುಕೊಳ್ಳುತ್ತದೆ, ಒಣಪುಡಿಯಲ್ಲಿ ಅಗಲದ ನೆರವು ಬೇಕು. ಇನ್ನು ಏಪ್ರಿಲ್ ಬೆಳಗಿನ ಹಿಮ ಎಲ್ಲ ಕಡೆಯೂ ಒಂದೇ, ರಾತ್ರಿ ಹೆಪ್ಪುಗಟ್ಟಿ ಗಾಜಿನಷ್ಟು ಗಟ್ಟಿ. ಅಲ್ಲಿ ಏಣು ಮಾತ್ರ ಕಾಪಾಡುತ್ತದೆ. ಮೊಂಟಾನಾದ ಕುಕ್ ಸಿಟಿಯಿಂದಲೋ ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್‌ನಿಂದಲೋ ಹೊರಟರೂ ಮೇಲಿನ ಪುಡಿಹಿಮಕ್ಕೆ ಮುಟ್ಟುವ ಮುನ್ನ ಗಟ್ಟಿ ದಾರಿಯ ಮೇಲೆ ಓಡಬೇಕು. ಆ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಸಿಗುವ ಕನಸಿನ ಪುಡಿಹಿಮಕ್ಕೆ ಸ್ಕೀ ಆರಿಸಬೇಡಿ. ವಾರಾಂತ್ಯದಲ್ಲಿ ನಿಮಗೆ ನಿಜವಾಗಿ ಸಿಗುವ ಹಿಮಕ್ಕೆ ಆರಿಸಿ.

6. ಜಾಡು ಹಿಡಿಯುವುದೊಂದೇ ದೂರೇ?

ಹಾಗಾದರೆ ಮೊದಲು ಎರಡು ಸರಳಿನ ವೇರ್ ಬಾರ್ ಹಾಕಿ ನೋಡಿ. ಹಿಡಿತ ಎರಡು ಗೆರೆಗಳಿಗೆ ಹಂಚಿಹೋಗಿ ಹಳೆಯ ಜಾಡಿನ ಸೆಳೆತ ಕಡಿಮೆಯಾಗುತ್ತದೆ. ಇದೇ ತತ್ತ್ವದ ಮೇಲೆ ಎರಡು ಏಣಿನ ಸಿಮನ್ಸ್ ಫ್ಲೆಕ್ಸಿ ಸ್ಕೀ ಹೆಸರು ಮಾಡಿದೆ. ಇನ್ನು ವೇರ್ ಬಾರಿಗೆ ಕೂರಿಸಿರುವ ಗಟ್ಟಿ ಕಾರ್ಬೈಡ್ ತುಣುಕಿನ ಉದ್ದ: ಬೆಟ್ಟದವರಿಗೆ ಗಿಡ್ಡನೆಯದೇ ಸಾಕು. ಉದ್ದ ಹೆಚ್ಚಿದರೆ ಗಟ್ಟಿ ದಾರಿಯಲ್ಲಿ ಹಿಡಿತ ಸಿಗುತ್ತದೆ, ಹ್ಯಾಂಡಲ್ ಮಾತ್ರ ಭಾರವಾಗುತ್ತದೆ.

7. ಹೊರಗಿನದನ್ನು ಕೊಳ್ಳುವುದೇ ಆದರೆ ಪೂರ್ತಿ ಕಿಟ್ ಕೇಳಿ

ಐಡಹೊ ಫಾಲ್ಸ್‌ನ ಸ್ಟಾರ್ಟಿಂಗ್ ಲೈನ್ ಪ್ರಾಡಕ್ಟ್ಸ್ ತಯಾರಿಸುವ ಪೌಡರ್ ಪ್ರೊ, ಮೊಹಾಕ್, ಸಿ ಅಂಡ್ ಎ ಪ್ರೊ ಅವರ ಬಿಎಕ್ಸ್, ಹೀಗೆ ಬೆಟ್ಟದವರು ಹೇಳುವ ಹೆಸರುಗಳು ಹಲವು. ಯಾವುದೇ ಇರಲಿ, ಸ್ಕೀ ಒಂದೇ ತಂದರೆ ಕೆಲಸ ಮುಗಿಯುವುದಿಲ್ಲ. ಸ್ಪಿಂಡಲ್‌ನ ಅಗಲ, ಬೋಲ್ಟಿನ ದಪ್ಪ, ರಬ್ಬರ್ ಗಟ್ಟಿಯ ಆಕಾರ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಿಮ್ಮ ಯಂತ್ರದ ಹೆಸರು, ವರ್ಷ ಹೇಳಿ ಅದಕ್ಕೇ ಮಾಡಿದ ರಬ್ಬರ್, ಸ್ಪೇಸರ್, ಬೋಲ್ಟುಗಳನ್ನು ಕೇಳಿ ಪಡೆಯಿರಿ. ಒಳ್ಳೆಯ ಸ್ಕೀಗೆ ಹೊಂದದ ರಬ್ಬರ್ ಹಾಕಿ, ಕೊನೆಗೆ ಸ್ಕೀಯನ್ನೇ ಬೈಯುವವರು ಬಹಳ. ಸ್ಪೇಸರ್‌ಗಳನ್ನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಬದಲಿಸಿ ಎರಡು ಸ್ಕೀಗಳ ಅಂತರವನ್ನೂ ಹೊಂದಿಸಬಹುದೇ ಎಂದು ಅಂಗಡಿಯಲ್ಲೇ ವಿಚಾರಿಸಿ.

8. ತಕ್ಕಡಿಗೆ ಹಾಕಿ

ಕ್ಯಾಟಲಾಗಿನ ತೂಕ ನಂಬಬೇಡಿ. ಸ್ಕೀ, ವೇರ್ ಬಾರ್, ಹಿಡಿಕೆ, ಬೋಲ್ಟು ಎಲ್ಲ ಸೇರಿಸಿ ಹಳೆಯದನ್ನೂ ಹೊಸದನ್ನೂ ತೂಗಿ. ಈ ತೂಕ ಯಂತ್ರದ ತುತ್ತತುದಿಯಲ್ಲಿ, ಸ್ಪ್ರಿಂಗಿನ ಕೆಳಗೆ ನೇತಾಡುತ್ತದೆ. ಬೆಟ್ಟದಲ್ಲಿ ಯಂತ್ರವನ್ನು ವಾಲಿಸುವ ತೋಳಿಗೆ ಅದರ ಅರಿವಾಗುತ್ತದೆ.

9. ಹಿಡಿಕೆಯನ್ನು ಜಗ್ಗಿ ನೋಡಿ

ಸ್ಕೀಯ ಮೂತಿಯ ಮೇಲಿನ ಬಳೆಯಂಥ ಹಿಡಿಕೆ ಅಲಂಕಾರಕ್ಕಲ್ಲ. ಹೂತುಹೋದ ಯಂತ್ರವನ್ನು ಜೊತೆಗಾರರು ಎಳೆಯುವುದು ಅದನ್ನು ಹಿಡಿದೇ. ದಪ್ಪ ಕೈಗವಸು ಒಳಗೆ ಹೋಗಬೇಕು, ಇಬ್ಬರು ಜಗ್ಗಿದರೂ ಬಾಗಬಾರದು.

10. ಎರವಲು ತಂದು ಓಡಿಸಿ, ಹಳೆಯದನ್ನು ಇಟ್ಟುಕೊಳ್ಳಿ

ಗೆಳೆಯರ ಗುಂಪಿನಲ್ಲಿ ಅದೇ ಮಾಡೆಲ್‌ಗೆ ಹೊರಗಿನ ಸ್ಕೀ ಹಾಕಿಸಿದವರು ಇದ್ದರೆ ಒಂದು ದಿನ ಯಂತ್ರ ಬದಲಾಯಿಸಿಕೊಳ್ಳಿ. ಅದೇ ಇಳಿಜಾರು, ಅದೇ ಹೊತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಓಡಿಸಿದರೆ ಹಿಮವೇ ಬದಲಾಗಿ ಹೋಲಿಕೆ ದಾರಿ ತಪ್ಪುತ್ತದೆ. ಕೊಂಡ ಮೇಲೂ ಕಂಪನಿ ಸ್ಕೀಗಳನ್ನು ಮಾರಬೇಡಿ. ಬಂಡೆಗೆ ಬಡಿದು ಹೊಸದು ಮುರಿದಾಗ ಅವೇ ಆಸರೆ, ಮುಂದೆ ಯಂತ್ರ ಮಾರುವಾಗ ಹೊಸ ಸ್ಕೀ ನಿಮ್ಮ ಬಳಿಯೇ ಉಳಿಯುತ್ತದೆ.

11. ಜೇಬಿನಲ್ಲಿ ಒಂದಕ್ಕೇ ದುಡ್ಡಿದ್ದರೆ

ಆಗ ಸ್ಕೀಯ ಮಾತೇ ಬೇಡ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಹೊಸ ಸ್ಕೀ ಹಾಕಿಸಿ ನೀವು ಹತ್ತಲು ಹಂಬಲಿಸುವ ಜಾಗಗಳು ಇಂಥವೇ. ಹೂತುಹೋದವರನ್ನು ಮೊದಲ 10–15 ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಬೇಗ ಕುಸಿಯುತ್ತದೆ. ಅಷ್ಟು ಹೊತ್ತಿನಲ್ಲಿ ನೆರವಿಗೆ ಬರಬಲ್ಲವರು ಜೊತೆಗಾರರು ಮಾತ್ರ. 457 ಕಿಲೊಹರ್ಟ್ಸ್‌ನಲ್ಲಿ ಮಿಡಿಯುತ್ತ ಹೂತವರ ಜಾಗ ತಿಳಿಸುವ ಟ್ರಾನ್ಸೀವರ್ ಎದೆಗೆ ಕಟ್ಟಿಕೊಳ್ಳಿ. ಸಲಿಕೆ ಮತ್ತು ಹಿಮ ಚುಚ್ಚಿ ಹುಡುಕುವ ಉದ್ದನೆಯ ಪ್ರೋಬ್ ಬೆನ್ನಚೀಲದಲ್ಲಿರಲಿ. ಇವನ್ನು ಬಳಸುವ ತರಬೇತಿಯನ್ನು ಮನೆಮಂದಿ, ಗೆಳೆಯರೆಲ್ಲ ಒಟ್ಟಿಗೆ ಪಡೆಯಿರಿ. ಹೊರಡುವ ಬೆಳಿಗ್ಗೆ, ಕೆನಡಾದಲ್ಲಿದ್ದರೆ ಅವಲಾಂಚ್ ಕೆನಡಾ, ಕೊಲರಾಡೊದಲ್ಲಿದ್ದರೆ ಅಲ್ಲಿನ ಅವಲಾಂಚ್ ಮಾಹಿತಿ ಕೇಂದ್ರದ ಮುನ್ಸೂಚನೆ ಓದಿ. ಕಡಿದಾದ ಇಳಿಜಾರನ್ನು ಒಮ್ಮೆಗೆ ಒಬ್ಬರೇ ಹತ್ತಿ, ಉಳಿದವರು ಅದರ ಬುಡದಲ್ಲಿ ನಿಲ್ಲದೆ ದೂರದಲ್ಲಿರಲಿ. ಈ ಮೂರು ಸಲಕರಣೆ ನಿಮ್ಮ ಗುಂಪಿನ ಪ್ರತಿಯೊಬ್ಬರ ಬಳಿ ಬರುವ ತನಕ ದಯವಿಟ್ಟು ಸ್ಕೀಗೆ ಒಂದು ಡಾಲರೂ ಖರ್ಚು ಮಾಡಬೇಡಿ.