ರೆಕಾರ್ಡ್ ಪ್ಲೇಯರಿನ ಬೆಲೆ ಹೆಚ್ಚಿದಂತೆ ನಾದವೂ ಹೆಚ್ಚುವುದೇ?

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದ ಮೇಲೆ ಗ್ರಾಮಾಫೋನ್ ತಟ್ಟೆಯ ಕಾಲ ಮುಗಿಯಿತೆಂದು ಬಹಳ ಮಂದಿ ಭಾವಿಸಿದರು. ಆದರೆ ಇಂದು ತಟ್ಟೆಗಳು ಮತ್ತೆ ತಯಾರಾಗುತ್ತಿವೆ. ಅವುಗಳನ್ನು ನುಡಿಸುವ ಯಂತ್ರಗಳು ಕೆಲವು ಸಾವಿರ ರೂಪಾಯಿಯಿಂದ ಹಲವು ಲಕ್ಷ ರೂಪಾಯಿಯವರೆಗೆ ದೊರೆಯುತ್ತವೆ. ಹಣ ಹತ್ತು ಪಟ್ಟು ಕೊಟ್ಟರೆ ಮನೆಯ ಸಂಗೀತವೂ ಹತ್ತು ಪಟ್ಟು ಉತ್ತಮವಾಗುವುದೇ? ವಿದ್ಯಾರ್ಥಿ ಮಿತ್ರರೇ, ನಾವು ಶಾಲೆಯಲ್ಲಿ ಕಲಿತ ಲೆಕ್ಕ ಮತ್ತು ಭೌತಶಾಸ್ತ್ರಗಳಿಂದಲೇ ಇದನ್ನು ಪರೀಕ್ಷಿಸೋಣ.

ಸೂಜಿಯ ಕೆಲಸ

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ ಲಾಂಗ್ ಪ್ಲೇ ತಟ್ಟೆ 3 ನಿಮಿಷಕ್ಕೆ 100 ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ಒಳ ಅಂಚಿನಲ್ಲಿ ಸುಮಾರು 20 ಸೆಂಟಿಮೀಟರ್ ಮಾತ್ರ. ಸೆಕೆಂಡಿಗೆ 10,000 ಕಂಪನಗಳುಳ್ಳ ಸೂಕ್ಷ್ಮ ಧ್ವನಿಯ ಒಂದು ಅಲೆಗೆ ಒಳ ಅಂಚಿನಲ್ಲಿ ಸಿಗುವ ಜಾಗ 0.02 ಮಿಲಿಮೀಟರ್. ಇದು ತಲೆಗೂದಲಿಗಿಂತಲೂ ಸಣ್ಣದು! ಸೂಜಿಯ ಈ ಅಲುಗಾಟದಿಂದ ಹುಟ್ಟುವ ವಿದ್ಯುತ್ತು ಸುಮಾರು 5 ಮಿಲಿವೋಲ್ಟ್, ಅಂದರೆ ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜಿನ 300ರಲ್ಲಿ ಒಂದು ಪಾಲು. ಆಂಪ್ಲಿಫೈಯರು ಇದನ್ನು ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಸಂಗೀತದ ಜೊತೆಗೆ ಸೇರಿಕೊಂಡ ಮೋಟಾರಿನ ಗುರುಗುಟ್ಟುವಿಕೆಯೂ ಹಾಗೆಯೇ ಹಿಗ್ಗುತ್ತದೆ.

ಒಳ್ಳೆಯ ಯಂತ್ರದ ಗುಣ

ಒಳ್ಳೆಯ ಟರ್ನ್‌ಟೇಬಲ್ ನಾದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಬೇಡದ್ದು ಸೇರದಂತೆ ತಡೆಯುತ್ತದೆ, ಅಷ್ಟೆ. ಅದು ಸಮವೇಗದಿಂದ ತಿರುಗಬೇಕು. ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಸ್ವರದಷ್ಟು ಮೇಲೇರುತ್ತದೆ. ವೇಗ ಏರುತ್ತ ಇಳಿಯುತ್ತ ಇದ್ದರೆ ವೀಣೆಯ ನೀಳವಾದ ಸ್ವರ ಅಳುವಂತೆ ಕೇಳುತ್ತದೆ.

1970ರ ದಶಕದಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದ ಲಿನ್ ಕಂಪನಿಯ ಐವರ್ ಟೀಫೆನ್‌ಬ್ರನ್ ಎಂಬುವರು ಒಂದು ವಾದ ಹೂಡಿದರು. ಆಗ ಹೆಚ್ಚಿನವರು ಸ್ಪೀಕರಿಗೇ ಹೆಚ್ಚು ಹಣ ಹಾಕುತ್ತಿದ್ದರು. ತಟ್ಟೆಯಿಂದ ಎತ್ತುವಾಗಲೇ ಕಳೆದುಹೋದುದನ್ನು ಸ್ಪೀಕರು ಮರಳಿ ತಾರದು, ಆದುದರಿಂದ ಟರ್ನ್‌ಟೇಬಲ್ಲೇ ಮೊದಲು ಎಂಬುದು ಅವರ ವಾದ. ಬಾವಿಯಲ್ಲಿ ನೀರಿದ್ದರೆ ತಾನೇ ಕೊಡಕ್ಕೆ ಬರುವುದು? ಈ ಮಾತಿನಲ್ಲಿ ಸತ್ಯವಿದೆ. ತೀರ ಅಗ್ಗದ ಯಂತ್ರವನ್ನು ಬಿಟ್ಟು ಮಧ್ಯಮ ದರ್ಜೆಯದನ್ನು ತಂದರೆ ವ್ಯತ್ಯಾಸ ಯಾರ ಕಿವಿಗಾದರೂ ತಿಳಿಯುತ್ತದೆ.

ಲಾಭ ಕುಗ್ಗುವುದೆಲ್ಲಿ?

ಆದರೆ ಇದಕ್ಕೊಂದು ಮಿತಿಯಿದೆ. 1979ರಲ್ಲಿ ಬಂದ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಯಂತ್ರದ ವೇಗದ ಏರಿಳಿತ ಶೇಕಡಾ 0.025, ಅಂದರೆ 4,000ದಲ್ಲಿ ಒಂದು ಭಾಗ. ಈಗ ತಟ್ಟೆಯನ್ನೇ ನೋಡೋಣ. ಅದರ ನಡುವಿನ ರಂಧ್ರ ಕೇವಲ 0.2 ಮಿಲಿಮೀಟರ್ ಪಕ್ಕಕ್ಕೆ ಸರಿದಿದೆಯೆಂದು ಇಟ್ಟುಕೊಳ್ಳಿ. ಗೀರಿನ ತ್ರಿಜ್ಯ 100 ಮಿಲಿಮೀಟರ್ ಇರುವಲ್ಲಿ ವೇಗ ಶೇಕಡಾ 0.2ರಷ್ಟು ಏರಿಳಿಯುತ್ತದೆ. ಯಂತ್ರದ ದೋಷಕ್ಕಿಂತ ಇದು ಅನೇಕ ಪಟ್ಟು ಹೆಚ್ಚು! ಸಾಮಾನ್ಯ ಟರ್ನ್‌ಟೇಬಲ್ಲುಗಳಲ್ಲಿ ಎಷ್ಟು ಲಕ್ಷ ಕೊಟ್ಟರೂ ಈ ದೋಷ ಹೋಗದು. ತಟ್ಟೆಯ ಸವೆತ ಮತ್ತು ಗೀಚುಗಳ ಮಾತೂ ಅಷ್ಟೇ. ಸ್ಪೀಕರು ಚಿಕ್ಕದಾಗಿದ್ದು ಮೃದಂಗದ ಎಡಭಾಗದ ಗುಂಭವನ್ನು ನುಡಿಸಲಾರದಿದ್ದರೆ, ಯಂತ್ರ ಅದನ್ನು ಎಷ್ಟು ಶುದ್ಧವಾಗಿ ಎತ್ತಿಕೊಟ್ಟು ಏನು ಪ್ರಯೋಜನ?

ಪೋಷಕರ ಗಮನಕ್ಕೆ

ಕೆಲವು ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ತಟ್ಟೆಗಳಿರುತ್ತವೆ. ಮಕ್ಕಳು ಆಸೆಪಟ್ಟು ಅವನ್ನು ಹಳೆಯ ಯಂತ್ರದಲ್ಲಿ ಹಾಕುವ ಮೊದಲು ಸೂಜಿಯನ್ನು ಪರೀಕ್ಷಿಸಬೇಕು. ಸವೆದ ಸೂಜಿ ಉಳಿಯಂತೆ ಗೀರನ್ನು ಕೆತ್ತುತ್ತದೆ. ಹಾಗೆ ಹೋದ ಸ್ವರವನ್ನು ಯಾವ ಬೆಲೆಗೂ ಮರಳಿ ಪಡೆಯಲಾಗದು. 78 ಸುತ್ತಿನ ಹಳೆಯ ತಟ್ಟೆಗೆ ಅಗಲ ಮೊನೆಯ ಬೇರೆ ಸೂಜಿಯೇ ಬೇಕು. ಆದುದರಿಂದ ಮೊದಲ ಹಣ ಹೊಸ ಸೂಜಿಗೆ, ಅನಂತರ ಸ್ಪೀಕರಿಗೆ, ಮತ್ತೂ ಉಳಿದರೆ ದುಬಾರಿ ಯಂತ್ರಕ್ಕೆ ಎಂಬ ಕ್ರಮ ಸಾಮಾನ್ಯ ಕುಟುಂಬಕ್ಕೆ ಯೋಗ್ಯವಾದುದು.

ಮಾಡಿ ನೋಡಿ

1. ತಟ್ಟೆಯ ಅಂಚಿನಲ್ಲಿ ಕಾಗದದ ಚೂರೊಂದನ್ನು ಗುರುತಿಗಾಗಿ ಇಟ್ಟು ಸುತ್ತುಗಳನ್ನು ಎಣಿಸಿರಿ. ಲಾಂಗ್ ಪ್ಲೇ ತಟ್ಟೆ 3 ನಿಮಿಷಕ್ಕೆ 100 ಸುತ್ತು ಬಂದರೆ ಸರಾಸರಿ ವೇಗ ಸರಿಯಾಗಿದೆ.

2. ಗಾರೆಯವರು ಬಳಸುವ ರಸಮಟ್ಟದಿಂದ ಯಂತ್ರ ಸಮತಲವಾಗಿದೆಯೇ ನೋಡಿರಿ.

3. ಪ್ಲೇಯರನ್ನು ಸ್ಪೀಕರ್ ಇಟ್ಟ ಮೇಜಿನಿಂದ ತೆಗೆದು ಗೋಡೆಯ ಕಲ್ಲಿನ ಹಲಗೆಯ ಮೇಲಿಟ್ಟು ಅದೇ ಹಾಡನ್ನು ಕೇಳಿರಿ. ಸ್ಪೀಕರಿನ ಕಂಪನ ಸೂಜಿಗೆ ಮುಟ್ಟದಿದ್ದರೆ ಮಂದ್ರ ಸ್ವರಗಳು ಎಷ್ಟು ಸ್ಪಷ್ಟವಾಗುವುವೆಂದು ಗಮನಿಸಿರಿ.

ಈ ಮೂರಕ್ಕೂ ಖರ್ಚಿಲ್ಲ. ಇವನ್ನು ಮಾಡಿ ನೋಡಿದ ಮೇಲೆಯೇ ಅಂಗಡಿಯ ಕಡೆಗೆ ಹೆಜ್ಜೆ ಹಾಕಬಹುದು.